ಹಬೆಕೋಣೆಯನ್ನು ನೆಲದ ಮೇಲಿಂದ ತೂಗುವ ಕೆಲಸ

ಬಿಟುಮೆನ್, ಅಂದರೆ ಡಾಂಬರಿನಂಥ ಮಂದ ಕಚ್ಚಾ ಎಣ್ಣೆ, ತಾನಾಗಿ ಹರಿದುಬರುವುದಿಲ್ಲ. ಕೆನಡಾದ ಅಥಾಬಾಸ್ಕಾ ಮರಳಿನಲ್ಲಿ ಅದನ್ನು ತೆಗೆಯಲು ಒಂದರ ಮೇಲೊಂದರಂತೆ, ಸುಮಾರು 5 ಮೀಟರ್ ಅಂತರದಲ್ಲಿ ಎರಡು ಅಡ್ಡಬಾವಿಗಳನ್ನು ಕೊರೆಯುತ್ತಾರೆ. ರೋಜರ್ ಬಟ್ಲರ್ 1970ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮೇಲಿನ ಬಾವಿಯಿಂದ ಹಬೆ ಹೊಕ್ಕಾಗ ಎಣ್ಣೆ ಕಾದು ತೆಳುವಾಗಿ ಕೆಳಗಿನ ಬಾವಿಗೆ ಇಳಿಯುತ್ತದೆ. ಅದು ತೆರವು ಮಾಡಿದ ಜಾಗದಲ್ಲಿ ಹಬೆ ತುಂಬಿಕೊಳ್ಳುತ್ತದೆ. ಈ ಹಬೆಕೋಣೆ ಎತ್ತ ಬೆಳೆಯುತ್ತಿದೆ ಎಂದು ಗುರುತ್ವ ಅಳೆದು ಪತ್ತೆಹಚ್ಚುವುದು ನನ್ನ ಕೆಲಸ.

ಉಪಕರಣ ಮುಟ್ಟುವ ಮೊದಲೇ ಲೆಕ್ಕ ಹಾಕಿದೆ. ಮರಳಿನ ಸುಮಾರು ಮೂರನೇ ಒಂದು ಪಾಲು ರಂಧ್ರ. ಅಲ್ಲಿನ ಎಣ್ಣೆ ಬಹುಪಾಲು ಹೋದರೆ ಘನಮೀಟರಿಗೆ ಅಂದಾಜು 150 ಕಿಲೋ ಕಡಿಮೆಯಾಗುತ್ತದೆ. 50 ಮೀಟರ್ ಅಗಲ, 20 ಮೀಟರ್ ಎತ್ತರದ ಉದ್ದನೆಯ ಕೋಣೆ 200 ಮೀಟರ್ ಆಳದಲ್ಲಿದ್ದರೆ ಅದರ ನೆತ್ತಿಯ ಮೇಲೆ ಗುರುತ್ವ ಇಳಿಯುವುದು ಕೇವಲ 10 ಮೈಕ್ರೋಗ್ಯಾಲ್, ಅಂದರೆ ಭೂಮಿಯ ಗುರುತ್ವದ ಹತ್ತು ಕೋಟಿಯಲ್ಲಿ ಒಂದು ಪಾಲು. ಒಳ್ಳೆಯ ಸ್ಪ್ರಿಂಗ್ ಗುರುತ್ವಮಾಪಕದ ಅಳತೆಯೇ ಸುಮಾರು 5 ಮೈಕ್ರೋಗ್ಯಾಲ್‌ನಷ್ಟು ಹಿಂದೆಮುಂದೆ ಓಲಾಡುತ್ತದೆ. ಸೂರ್ಯಚಂದ್ರರ ಸೆಳೆತ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದಾದರೂ ಅದನ್ನು ಲೆಕ್ಕದಿಂದ ಕಳೆಯಬಹುದು. ಸ್ಪ್ರಿಂಗ್ ನಿಧಾನವಾಗಿ ಜಾರುವುದನ್ನು ಮೂಲ ಕೇಂದ್ರಕ್ಕೆ ಮರಳಿ ಮರಳಿ ಬಂದು ಅಳೆದು ಸರಿಪಡಿಸುತ್ತೇನೆ.

ನಿಜವಾದ ತಲೆನೋವು ಎತ್ತರದ್ದು. ಉಪಕರಣ 1 ಸೆಂಟಿಮೀಟರ್ ಮೇಲೇರಿದರೆ 3 ಮೈಕ್ರೋಗ್ಯಾಲ್ ಇಳಿಯುತ್ತದೆ. ಹಬೆಯ ಒತ್ತಡ ಮತ್ತು ಕಾವಿಗೆ ನೆಲವೂ ಉಬ್ಬುತ್ತದೆ. ಉಬ್ಬಿದ ನೆಲವೂ ಖಾಲಿಯಾದ ಮರಳೂ ಅಂಕಿಯನ್ನು ಒಂದೇ ದಿಕ್ಕಿಗೆ ಎಳೆಯುವುದರಿಂದ, ಎತ್ತರ ಅಳೆಯದೆ ತಂದ ಗುರುತ್ವದ ಅಂಕಿಯನ್ನು ನಾನು ನಂಬುವುದೇ ಇಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಪದರವನ್ನು ದಾಟಿ ಆಳಕ್ಕೆ ಬಡಿದ ಉಕ್ಕಿನ ಕಂಬಗಳೇ ನನ್ನ ಅಳತೆಯ ಗುರುತುಗಳು. ಪ್ರತಿ ಕಂಬದಲ್ಲೂ ಮುಕ್ಕಾಲಿಯನ್ನು ಮಟ್ಟ ಮಾಡಿ, ಕಂಬದ ತಲೆಯಿಂದ ಉಪಕರಣದ ಮೇಲ್ಮೈವರೆಗಿನ ಎತ್ತರವನ್ನು ಉಕ್ಕಿನ ಅಳತೆಪಟ್ಟಿಯಿಂದ ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಗಾಳಿಗೆ ಮರೆ ಕಟ್ಟಿ, ಲಾರಿ ಹಾದುಹೋದರೆ ನಡುಕ ನಿಲ್ಲುವವರೆಗೆ ಕಾಯುತ್ತೇನೆ. ಅದೇ ಕಂಬಗಳ ಮಟ್ಟವನ್ನು ಸರ್ವೇ ತಂಡ ಜೊತೆಜೊತೆಗೇ ಅಳೆಯಬೇಕು. ಈ ಖರ್ಚು ಉಳಿಸೋಣ ಎಂದವರಿಗೆ ನಾನು ಒಪ್ಪಿಲ್ಲ.

ಇಷ್ಟು ಕಷ್ಟ ಏಕೆಂದರೆ, ನೆಲದೊಳಕ್ಕೆ ಕಂಪನ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ಭೂಕಂಪನ ಸಮೀಕ್ಷೆ ಕೋಣೆಯ ಆಕಾರವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಎಷ್ಟು ತೂಕ ಹೋಯಿತೆಂದು ನೇರವಾಗಿ ಹೇಳುವುದಿಲ್ಲ. ಗುರುತ್ವ ಹೇಳುತ್ತದೆ. ಆಳ ಎಷ್ಟೆಂದು ಅದೊಂದರಿಂದಲೇ ತಿಳಿಯದು ನಿಜ. ಅದಕ್ಕೆ ಬಾವಿಯೊಳಗಿನ ತಾಪಮಾನದ ದಾಖಲೆ ಬೇಕು. ಆದರೆ ಸಾಕಷ್ಟು ವಿಶಾಲ ಪ್ರದೇಶದ ಇಳಿಕೆಯನ್ನು ಕೂಡಿಸಿದರೆ, ಗುರುತ್ವದ ಒಟ್ಟು ಮೊತ್ತವನ್ನು ದ್ರವ್ಯರಾಶಿಗೆ ಜೋಡಿಸುವ ಗೌಸ್ ಪ್ರಮೇಯದ ಪ್ರಕಾರ, ಆಳ ತಿಳಿಯದೆಯೂ ಕಳೆದುಹೋದ ಒಟ್ಟು ದ್ರವ್ಯರಾಶಿ ಸಿಗುತ್ತದೆ. ಅದನ್ನು ಹೊರಬಂದ ಎಣ್ಣೆ, ನೀರಿನ ತೂಕದಿಂದ ಒಳಹೋದ ಹಬೆಯ ತೂಕ ಕಳೆದ ಮೊತ್ತದೊಂದಿಗೆ ಹೋಲಿಸುತ್ತೇನೆ.

ಎರಡೂ ತಾಳೆಯಾಗದಿದ್ದರೆ ಮೊದಲು ತೆರೆಯುವುದು ಅಂತರ್ಜಲದ ದಾಖಲೆಯನ್ನು. ನೀರು ತುಂಬಬಲ್ಲ ಜಾಗ ಶೇ. 20ರಷ್ಟಿರುವ ಮಣ್ಣಿನಲ್ಲಿ ನೀರಿನ ಮಟ್ಟ 1 ಮೀಟರ್ ಇಳಿದರೂ ಸುಮಾರು 8 ಮೈಕ್ರೋಗ್ಯಾಲ್ ವ್ಯತ್ಯಾಸ ಬೀಳುತ್ತದೆ, ಅಂದರೆ ಹೆಚ್ಚೂಕಡಿಮೆ ಒಂದು ಹಬೆಕೋಣೆಯಷ್ಟು.