ರಜೆಯ ಮರುದಿನದ ಬ್ಲೋಹೋಲ್

ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಪಾಠ ಹೇಳುತ್ತೇನೆ. ಮೊದಲ ಸಲ ಕೇಸ್ ಅನಾಲಿಸಿಸ್ ಅಸೈನ್‌ಮೆಂಟ್ ಕೊಟ್ಟಾಗ ಅರವತ್ತು ಹುಡುಗರಿಂದ ಅರವತ್ತು ವರದಿ ಬಂದವು. ಉತ್ತರ ಮಾತ್ರ ಒಂದೇ. ತಪ್ಪು ಅವರದಲ್ಲ, ನನ್ನದು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಯಾಕೆ ಸಿಡಿಯಿತು ಅಂತ ಕೇಳಿದ್ದೆ. ಚಳಿಗೆ ಓ-ರಿಂಗ್ ಅನ್ನೋ ಸೀಲ್ ಬಳೆಯ ರಬ್ಬರ್ ಬಿರುಸಾಗಿತ್ತು ಅನ್ನೋದು ಮೊಬೈಲ್‌ನಲ್ಲಿ ಎರಡೇ ನಿಮಿಷಕ್ಕೆ ಸಿಗುತ್ತದೆ. ಸಿಐಇ (ಕಾಲೇಜೇ ಕೊಡುವ ಆಂತರಿಕ) ಅಂಕ ಬಂದರೆ ಸಾಕು ಅನ್ನುವವನು ಇನ್ನೇನು ಮಾಡಿಯಾನು?

ಮರುವರ್ಷ ಕೇಸ್‌ನ ಕೊನೆಯನ್ನೇ ಮುಚ್ಚಿಟ್ಟೆ. ಊರು, ವರ್ಷ, ಕಟ್ಟಡದ ಹೆಸರು ಯಾವುದೂ ಹೇಳಲಿಲ್ಲ. ಎರಡು ಡ್ರಾಯಿಂಗ್ ಕೊಟ್ಟೆ, ಅಷ್ಟೇ. ಮೊದಲನೆಯದರಲ್ಲಿ ಛಾವಣಿಯಿಂದ ಇಳಿದ ಉದ್ದನೆಯ ಒಂದೇ ರಾಡ್, ಒಂದರ ಕೆಳಗೊಂದು ಇರುವ ಎರಡು ಕಾಲುಸೇತುವೆಗಳನ್ನು ಹಿಡಿದಿದೆ. ಎರಡನೆಯದರಲ್ಲಿ ರಾಡ್ ಎರಡಾಗಿದೆ. ಕೆಳಗಿನ ಸೇತುವೆ ಈಗ ಮೇಲಿನ ಸೇತುವೆಯ ಬೀಮ್‌ಗೇ ಜೋತುಬಿದ್ದಿದೆ. 'ಈ ಬದಲಾವಣೆಗೆ ಸಹಿ ಹಾಕ್ತೀರಾ?' ಅಂತ ಕೇಳಿದೆ.

ಜಾಸ್ತಿ ಜನ ಹಾಕ್ತೀವಿ ಅಂದರು. ಉದ್ದ ರಾಡ್‌ಗೆ ಅಷ್ಟು ದೂರ ಥ್ರೆಡ್ ಹಾಕುವ ರಗಳೆ ತಪ್ಪುತ್ತದೆ, ಅಲ್ವಾ? ರಾಮದುರ್ಗ ಕಡೆಯ ಒಬ್ಬ ಹುಡುಗ ಮಾತ್ರ ಎದ್ದು, ಗೆಳೆಯನ ಬುತ್ತಿ ಡಬ್ಬಿಯನ್ನೂ ತನ್ನದನ್ನೂ ಹಗ್ಗಕ್ಕೆ ಕಟ್ಟಿ ತೂಗಿಸಿದ. ಆಮೇಲೆ ಕೆಳಗಿನದನ್ನು ಬಿಚ್ಚಿ ಮೇಲಿನ ಡಬ್ಬಿಗೆ ಕಟ್ಟಿದ. "ಸರ್, ಮ್ಯಾಲಿನ ಡಬ್ಬಿ ಹಿಡಿಕಿ ಮ್ಯಾಲ ಈಗ ಎರಡೂ ಭಾರ ಬಿತ್ತಲ್ರಿ?" ಎರಡು ಪುಟದ ಲೆಕ್ಕ ಅಲ್ಲಿಗೇ ಮುಗಿಯಿತು. ಆಗ ಹೇಳಿದೆ: ಅದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್. 1981ರ ಜುಲೈ 17ರಂದು ಸೇತುವೆ ಕುಸಿದು 114 ಜನ ಸತ್ತರು. ಮೊದಲ ಡ್ರಾಯಿಂಗ್ ಕೂಡ ನಿಯಮ ಕೇಳುವ ಭಾರದ ಶೇ. 60ರಷ್ಟನ್ನೇ ತಾಳುತ್ತಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಸಹಿ ಹಾಕ್ತೀವಿ ಅಂದಿದ್ದ ಹುಡುಗರು ಸುಮ್ಮನೆ ಕೂತರು.

ಆದರೂ ಆ ಕೇಸ್‌ನ ಉತ್ತರ ನನಗೆ ಮೊದಲೇ ಗೊತ್ತಿತ್ತು. ನನಗೂ ಗೊತ್ತಿರದ ಕೇಸ್ ಬೇಕಿತ್ತು. ಅದು ಉದ್ಯಮಬಾಗದಲ್ಲಿ, ಪರಿಚಯದವರ ಫೌಂಡ್ರಿಯಲ್ಲಿ ಸಿಕ್ಕಿತು. ಲೋಹ ಕರಗಿಸಿ ಮರಳಿನ ಅಚ್ಚಿಗೆ ಸುರಿಯುವ ಕಾರ್ಖಾನೆ ಅದು. ಮಳೆಗಾಲದಲ್ಲಿ ಕಾಸ್ಟಿಂಗ್‌ಗಳಲ್ಲಿ (ಎರಕದ ಭಾಗಗಳಲ್ಲಿ) ಬ್ಲೋಹೋಲ್, ಅಂದರೆ ಒಳಗೆ ಗ್ಯಾಸ್ ಸಿಕ್ಕಿಕೊಂಡು ಆಗುವ ತೂತು, ಬಂದು ರಿಜೆಕ್ಷನ್ ಏರಿತ್ತು. ಅವರ ಹೀಟ್ ಪುಸ್ತಕದ (ಒಂದೊಂದು ಸಲ ಲೋಹ ಕರಗಿಸಿ ಸುರಿದದ್ದರ ಲೆಕ್ಕದ) ನಕಲು ತಂದು ಹುಡುಗರ ಮುಂದೆ ಇಟ್ಟೆ.

ಎಲ್ಲರೂ ಮರಳಿನ ತೇವಕ್ಕೇ ಗಂಟುಬಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಬೆಳಗಾವಿ ಮಳೆ ಅಂದಮೇಲೆ ಬೇರೆ ಏನು ತೋಚುತ್ತದೆ? ಆದರೆ ಅವರ ಮರಳಿನ ಟೆಸ್ಟ್ ಅಂಕಿಗಳು ಸರಿಯಾಗೇ ಇದ್ದವು. ಒಂದು ಗುಂಪಿನ ಹುಡುಗಿಯೊಬ್ಬಳು ರಿಜೆಕ್ಟ್ ಆದ ಹೀಟ್‌ಗಳ ತಾರೀಖಿನ ಮುಂದೆ ವಾರದ ಹೆಸರು ಬರೆದಳು. ಹೆಚ್ಚಿನವು ವಾರದ ರಜೆಯ ಮರುದಿನದವು. ಅಲ್ಲಿಗೆ ಹೋಗಿ ಕೇಳಿದಾಗ ತಿಳಿಯಿತು: ಸೋಡಿಯಂ ಸಿಲಿಕೇಟ್ ಹಾಕಿ ಗ್ಯಾಸ್ ಹಾಯಿಸಿ ಮಾಡಿದ ಕೋರ್‌ಗಳು (ಎರಕದ ಒಳಗೆ ಟೊಳ್ಳು ಬರಲು ಅಚ್ಚಿನಲ್ಲಿ ಇಡುವ ಮರಳಿನ ತುಂಡುಗಳು) ರಜೆಯ ದಿನ ಪೂರ್ತಿ ತೆರೆದ ಶೆಡ್‌ನಲ್ಲಿ ಇರುತ್ತಿದ್ದವು. ಆ ಕೋರ್ ಗಾಳಿಯ ತೇವ ಹೀರುತ್ತದೆ. ಬಿಸಿ ಲೋಹ ಬಿದ್ದೊಡನೆ ಆ ತೇವ ಆವಿಯಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಸೂಪರ್‌ವೈಸರ್ ಮಾತ್ರ ನಕ್ಕರು. "ನಮಗ ಅನುಮಾನ ಇತ್ರಿ, ಆದರ ಯಾರೂ ವಾರ ನೋಡಿದ್ದಿಲ್ರಿ." ಈಗ ಆ ಕೋರ್‌ಗಳನ್ನು ಓವನ್‌ನಲ್ಲಿ ಬಿಸಿ ಮಾಡಿಯೇ ಇಡುತ್ತಾರೆ.

ಅಂದಿನಿಂದ ಅಂಕ ಹಾಕುವ ರೀತಿ ಬದಲಾಯಿಸಿದೆ. ಮೊದಲ ಊಹೆ ಏನಿತ್ತು, ಯಾವ ಅಂಕಿ ನೋಡಿ ಬಿಟ್ಟಿರಿ ಅಂತ ಬರೆಯಬೇಕು. ಹೊಡೆದುಹಾಕಿದ ಸಾಲಿಗೂ ಅಂಕ ಇದೆ. ಹುಡುಗರಿಗೆ ಇದು ಇನ್ನೂ ವಿಚಿತ್ರ ಅನಿಸುತ್ತದೆ. ಕೆಲವರು ಅಂಕದ ಆಸೆಗೆ ಸುಳ್ಳು ಊಹೆ ಬರೆದು ತಾವೇ ಹೊಡೆದುಹಾಕುತ್ತಾರೆ!

ಈ ಸೆಮಿಸ್ಟರ್‌ಗೆ ಇನ್ನೂ ಕೇಸ್ ಸಿಕ್ಕಿಲ್ಲ. ರಿಜೆಕ್ಷನ್ ಪುಸ್ತಕ ಹೊರಗೆ ಕೊಡೋಕೆ ಯಾರಿಗೂ ಮನಸ್ಸಿರಲ್ಲ. ಶನಿವಾರ ಇನ್ನೊಂದು ಫೌಂಡ್ರಿಗೆ ಹೋಗಿ ಕೇಳಬೇಕು.