ಪೈ ಝೀರೋ ಮೇಲೆ ಬಿಲ್ಡ್ ಮಾಡೋದನ್ನು ಬಿಟ್ಟ ಕಥೆ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಐದು ಕಡೆ ಮಳೆಮಾಪಕ ಇಟ್ಟಿದ್ದೇನೆ. ಒಂದೊಂದಕ್ಕೂ ಒಂದು ರಾಸ್ಪ್‌ಬೆರಿ ಪೈ ಝೀರೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, ಪ್ರೋಗ್ರಾಂ ನಾನೇ ಸಿ ಭಾಷೆಯಲ್ಲಿ ಬರೆದದ್ದು. ಮೊದಲೆಲ್ಲ ಪೈ ಮೇಲೇ ಬಿಲ್ಡ್ ಮಾಡುತ್ತಿದ್ದೆ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುತ್ತಿದ್ದೆ. ಲೈಬ್ರರಿ ಎಲ್ಲ ಸೇರಿ ಹೆಚ್ಚುಕಡಿಮೆ ಮೂರು ಗಂಟೆ. ಜುಲೈನಲ್ಲಿ ನಮ್ಮ ಕಡೆ ಮೂರು ಗಂಟೆ ಬಿಡದೆ ಕರೆಂಟ್ ಇರುತ್ತಾ? ಮಧ್ಯೆ ಕೈಕೊಟ್ಟು ಎರಡು ಎಸ್‌ಡಿ ಕಾರ್ಡ್ ಹಾಳಾದವು, ಸುಮಾರು ಸಾವಿರ ರೂಪಾಯಿ ಹೋಯಿತು.

ಲ್ಯಾಪ್‌ಟಾಪಿನಲ್ಲೇ ಕ್ರಾಸ್ ಕಂಪೈಲ್ ಮಾಡ್ತೀನಿ, ಅಂದರೆ ಪೈನಲ್ಲಿ ಓಡೋ ಪ್ರೋಗ್ರಾಂ ಇಲ್ಲೇ ಬಿಲ್ಡ್ ಮಾಡ್ತೀನಿ ಅಂದೆ. ಗೆಳೆಯರು ‘ತಲೆನೋವು ಯಾಕೆ, ದೊಡ್ಡ ಬೋರ್ಡ್ ತಗೋ’ ಅಂದರು. ಐದು ಬೋರ್ಡಿಗೆ ಯಾರು ದುಡ್ಡು ಕೊಡ್ತಾರೆ?

ಲ್ಯಾಪ್‌ಟಾಪಿನ ಲಿನಕ್ಸ್ ರೆಪೊದಲ್ಲಿ (ಪ್ಯಾಕೇಜ್ ಭಂಡಾರದಲ್ಲಿ) ಸಿದ್ಧವಿದ್ದ, ಪೈನಂಥ ಆರ್ಮ್ ಚಿಪ್‌ಗಳಿಗೆ ಬಿಲ್ಡ್ ಮಾಡುವ ಜಿಸಿಸಿ ಕಂಪೈಲರ್ (ಆರ್ಮ್ ಹಾರ್ಡ್‌ಫ್ಲೋಟ್) ಹಾಕಿದೆ. ಬಿಲ್ಡ್ ಚೆನ್ನಾಗೇ ಆಯಿತು. ಪೈ ಮೇಲೆ ಓಡಿಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’, ಅಂದರೆ ಚಿಪ್‌ಗೆ ಗೊತ್ತಿಲ್ಲದ ಆದೇಶ. ಆ ಜಿಸಿಸಿ ಆರ್ಮ್‌ವಿ7 ಪೀಳಿಗೆಯ ಚಿಪ್‌ಗೆ, ನನ್ನ ಝೀರೋ ಅದಕ್ಕಿಂತ ಹಳೇ ಆರ್ಮ್‌ವಿ6. ಸರಿ, ಯಾವ ಚಿಪ್‌ಗೆ ಅಂತ ಕಂಪೈಲರಿಗೆ ಹೇಳುವ -march ಫ್ಲ್ಯಾಗಿನಲ್ಲಿ ಆರ್ಮ್‌ವಿ6 ಕೊಟ್ಟೆ, ಮತ್ತೆ ಅದೇ ಗೋಳು. ಒಂದು ವಾರ ನನ್ನ ಕೋಡನ್ನೇ ಸುಮ್ನೆ ಜಾಲಾಡಿದೆ. ಕೊನೆಗೆ ಬಿಲ್ಡ್ ಆದ ಬೈನರಿ ಫೈಲನ್ನು ರೀಡ್‌ಎಲ್ಫ್ ಅನ್ನೋ ಪರೀಕ್ಷಕ ಟೂಲಿನಲ್ಲಿ ನೋಡಿದರೆ ಇನ್ನೂ ವಿ7 ಅಂತಿದೆ! ನನ್ನ ಫೈಲುಗಳೆಲ್ಲ ವಿ6, ಆದರೆ ಜೊತೆಗೆ ಲಿಂಕ್ ಆಗುವ ಸ್ಟಾರ್ಟಪ್ ಫೈಲು, ಜಿಸಿಸಿಯದೇ ಲೈಬ್ರರಿ ಲಿಬ್‌ಜಿಸಿಸಿ ವಿ7ಗೇ ಆದವು. ಹಾಗಾಗಿ ಕ್ರಾಸ್ ಕಂಪೈಲರ್ ಕಟ್ಟಿಕೊಡುವ ಕ್ರಾಸ್‌ಟೂಲ್-ಎನ್‌ಜಿ ಹಿಡಿದು ಕಂಪೈಲರನ್ನೇ ಕಟ್ಟಿಕೊಂಡೆ. ಸಿ ಪ್ರೋಗ್ರಾಂಗಳಿಗೆಲ್ಲ ಬೇಕಾದ ಮೂಲ ಲೈಬ್ರರಿ ಜಿಲಿಬ್‌ಸಿಯ ಆವೃತ್ತಿ ಪೈನಲ್ಲಿ ಇರೋದಕ್ಕಿಂತ ಹೊಸದಾಗಬಾರದು, ಅಲ್ಲೂ ಒಂದು ರಾತ್ರಿ ಹೋಯಿತು.

ಆಮೇಲೆ ಬಿಲ್ಡ್‌ನ ಹಂತಗಳನ್ನು ಬರೆದಿಡುವ ಮೇಕ್‌ಫೈಲ್. ಮಾಪಕದ ಕೋಷ್ಟಕದಿಂದ ಹೆಡರ್ ಫೈಲ್ ಬರೆಯುವ ಚಿಕ್ಕ ಪ್ರೋಗ್ರಾಂ ಒಂದಿದೆ, ಬಿಲ್ಡ್ ನಡೆಯುವಾಗಲೇ ಲ್ಯಾಪ್‌ಟಾಪಿನಲ್ಲಿ ಓಡಬೇಕಾದದ್ದು. ಅದೂ ಆರ್ಮ್‌ಗೆ ಬಿಲ್ಡ್ ಆಗಿ, ಲ್ಯಾಪ್‌ಟಾಪಿನಲ್ಲಿ ಓಡಲು ಹೋಗಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’. ಬೇರೆ ಚಿಪ್ಪನ್ನು ಅನುಕರಿಸುವ ಕ್ಯೂಎಮು ಹಾಕಿದರೆ ಓಡುತ್ತೆ ಅಂದರು ಗೆಳೆಯರು, ಓಡಿತು ಕೂಡ. ಆದರೆ ಅದು ತಪ್ಪನ್ನು ಮುಚ್ಚಿಡುತ್ತದೆ, ಕ್ಯೂಎಮು ಇಲ್ಲದ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಮತ್ತೆ ನಿಂತಿತು. ಬಿಲ್ಡ್ ಮಾಡುವ ಯಂತ್ರಕ್ಕೆ ಬೇರೆ ಕಂಪೈಲರ್, ಪೈಗೆ ಬೇರೆ ಅಂತ ಎರಡು ವೇರಿಯಬಲ್ ಇಟ್ಟೆ. ಅಲ್ಲಿಗೆ ಸರಿಹೋಯಿತು. ಲೈಬ್ರರಿ ಎಲ್ಲಿದೆ ಅಂತ ಹುಡುಕಿಕೊಡುವ ಪಿಕೆಜಿ-ಕಾನ್ಫಿಗ್ ಕೂಡ ಸಿಸ್‌ರೂಟಿನ (ಲ್ಯಾಪ್‌ಟಾಪಿನಲ್ಲಿಟ್ಟ ಪೈನ ಫೈಲುಗಳ ನಕಲಿನ) ಒಳಗೇ ನೋಡುವಂತೆ ಮಾಡಬೇಕು, ಇಲ್ಲದಿದ್ದರೆ ಲ್ಯಾಪ್‌ಟಾಪಿನ ಲೈಬ್ರರಿಗಳನ್ನೇ ಹಿಡಿದು ಕೂರುತ್ತದೆ. 

ಈಗ ಮೂರು ಗಂಟೆಯ ಕೆಲಸ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ.

ಇದೇ ಹುರುಪಿನಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಮಿಪ್ಸ್ (ಇನ್ನೊಂದು ಜಾತಿಯ ಚಿಪ್) ರೂಟರಿಗೂ ಬಿಲ್ಡ್ ಮಾಡಿದೆ. ಫೆಬ್ರವರಿಯ ಬಿಸಿಲಿನಲ್ಲಿ ಮಾಪಕದ ಬಕೆಟನ್ನು ಕೈಯಲ್ಲಿ ಒಂದೇ ಸಲ ಮಗುಚಿದೆ, 0.2 ಮಿಮೀ ಬರಬೇಕು. ಬಂದದ್ದು 51.2! ಮೈಸೂರಿನಲ್ಲಿದ್ದ ಮಾವ ಫೋನಿನಲ್ಲಿ ನೋಡಿ, ‘ಎರಡು ಇಂಚು ಹೂಮಳೆ ಬಂತಲ್ಲ, ಸ್ಪ್ರಿಂಕ್ಲರ್ ನಿಲ್ಲಿಸಿಬಿಡಲಾ?’ ಅಂತ ಕೇಳಿದರು. ‘ಬೇಡ ಮಾವ, ಲೆಕ್ಕ ತಪ್ಪಿದೆ’ ಅಂದೆ. ಆ ರೂಟರ್ ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೈಟನ್ನು ಮೊದಲು ಇಡುತ್ತದೆ; ಓದುವ ಈ ಕಡೆ ಚಿಕ್ಕದು ಮೊದಲು. ಹಾಗಾಗಿ ಎರಡು ಬೈಟ್ ತಿರುಗುಮುರುಗಾಗಿ 1 ಅನ್ನೋದು 256 ಆಗಿತ್ತು. ಕಳಿಸುವ ಮೊದಲು ಬೈಟುಗಳನ್ನು ಎಲ್ಲರೂ ಒಪ್ಪಿದ ನೆಟ್‌ವರ್ಕ್ ಕ್ರಮಕ್ಕೆ ತಂದು, ಈ ಕಡೆ ಬಿಡಿಸಿಕೊಂಡೆ. ಮತ್ತೆ ಬಕೆಟ್ ಮಗುಚಿದಾಗ ಸರಿಯಾಗಿ 0.2 ಬಂತು.