‘ಹಾಗಂತ’ ಎಂಬ ಮಾತು ಪ್ರಬಂಧಕ್ಕೆ ಬಂದ ಬಗೆ

ಶಿರಸಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯ ಪ್ರಬಂಧ ತಿದ್ದುವಾಗ ಎಷ್ಟೋ ಸಲ ಮನಸ್ಸು ಕುಗ್ಗಿ ಹೋಗುತ್ತಿತ್ತು. ಎಲ್ಲರದ್ದೂ ಒಂದೇ ಪ್ರಬಂಧ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪೀಠಿಕೆ ಶುರುವಾಗುವುದೇ ‘ಇಂದಿನ ಆಧುನಿಕ ಯುಗದಲ್ಲಿ’ ಅಂತ. ಹಾಗೆ ಬರೆಯಲು ಕಲಿಸಿದವರು ನಾವೇ ಮೇಷ್ಟ್ರುಗಳು.

ಅದೇ ಮಕ್ಕಳು ಚರ್ಚೆಗೆ ಎದ್ದು ನಿಂತರೆ ಬೇರೆಯೇ ಆಗುತ್ತಿದ್ದರು. ಪ್ರತಿಭಾ ಕಾರಂಜಿಗೆ ತಯಾರಿ ಮಾಡಿಸುವಾಗ ಒಂದು ದಿನ ತರಗತಿಯಲ್ಲೇ ಚರ್ಚೆ ಇಟ್ಟಿದ್ದೆ. ವಿದ್ಯಾರ್ಥಿಗಳಿಗೆ ಮೊಬೈಲ್ ಬೇಕೇ, ಬೇಡವೇ? ಮೊದಲು ಮಾತಾಡಿದ ಹುಡುಗ, ಮೊಬೈಲ್‌ನಿಂದ ಓದು ಹಾಳು, ಆಟದಲ್ಲೇ ಹೊತ್ತು ಹೋಗುತ್ತದೆ ಎಂದ. ಆಮೇಲೆ ಎದ್ದ ಹುಡುಗಿ ಬರೆದುಕೊಂಡು ಬಂದಿದ್ದ ಹಾಳೆಯನ್ನು ಡೆಸ್ಕಿನ ಮೇಲೆ ಮಗುಚಿಟ್ಟಳು.

“ಅವನು ಹೇಳಿದ್ದು ನಿಜ. ನನ್ನ ತಮ್ಮನೂ ರಾತ್ರಿ ಹನ್ನೊಂದರ ತನಕ ಗೇಮ್ ಆಡ್ತಾನೆ. ಹಾಗಂತ ಫೋನೇ ಬೇಡ ಅನ್ನೋಕಾಗತ್ತಾ? ಕೊರೋನಾ ಬಂದಾಗ ನಾನು ಐದನೇ ಕ್ಲಾಸು. ಮನೇಲಿ ಇದ್ದದ್ದು ಒಂದೇ ಫೋನು. ಅಪ್ಪ ಕೆಲಸಕ್ಕೆ ಹೋಗುವಾಗ ಅದೂ ಹೋಗ್ತಿತ್ತು. ವಿದ್ಯಾಗಮ ಅಂತ ಮಾಸ್ತರು ದೇವಸ್ಥಾನದ ಜಗಲಿಗೆ ಬಂದ ಮೇಲೇ ನನಗೆ ಪಾಠ ಸಿಕ್ಕಿದ್ದು.”

2020ರ ಆ ದಿನಗಳಲ್ಲಿ ಶಾಲೆ ಮುಚ್ಚಿತ್ತು. ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ನಾವೇ ಊರೂರಿಗೆ ಹೋಗಿ ಜಗಲಿ, ಮರದ ನೆರಳು ಎಲ್ಲಿ ಸಿಕ್ಕಿದರೆ ಅಲ್ಲಿ ಪಾಠ ಮಾಡಿದ್ದೆವು. ಅವಳ ಮಾತು ಕೇಳಿ ನನಗೆ ಗಂಟಲು ಕಟ್ಟಿತು.

ಅಷ್ಟರಲ್ಲಿ ವಿರೋಧದ ಕಡೆಯಿಂದ ಇನ್ನೊಬ್ಬ ಎದ್ದ. ಅವನ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಅಂದರೆ ಪಾತ್ರವಾಗಿ ಮಾತಾಡುವವರು. “ಮಾಸ್ತರು ಬಂದ ಮೇಲೆ ಪಾಠ ಸಿಕ್ತು ಅಂತ ಅವಳೇ ಹೇಳಿದಳಲ್ಲ. ಹಾಗಾದ್ರೆ ಬೇಕಾದ್ದು ಮಾಸ್ತರು ತಾನೇ? ಫೋನು ಯಾಕೆ?”

ತಾಳಮದ್ದಳೆ ಕೇಳಿದವರಿಗೆ ಈ ಪಟ್ಟು ಗೊತ್ತಿರುತ್ತದೆ. ಅದು ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ಕೇಳಿದರೆ ರಾಮ ಅಲ್ಲೇ ಉತ್ತರ ಹುಡುಕಬೇಕು. ಎದುರಿನವರು ಬಿಟ್ಟ ಮಾತನ್ನೇ ಹಿಡಿದು ತಿರುಗಿಸುವುದು ಅಲ್ಲಿನ ಜಾಣ್ಮೆ. ನಮ್ಮ ಕಡೆ ಮಕ್ಕಳು ಇದನ್ನು ಕೇಳಿಕೊಂಡೇ ಬೆಳೆಯುತ್ತಾರೆ. ಬರೆಯುವಾಗ ಮಾತ್ರ ಅದೆಲ್ಲ ಎಲ್ಲಿಗೆ ಹೋಗುತ್ತದೆ?

ಚರ್ಚೆಯನ್ನು ಫೋನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಮನೆಯಲ್ಲಿ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಿ, ಆ ಹುಡುಗಿಯ ಮಾತನ್ನು ಇದ್ದ ಹಾಗೇ ಬರೆದುಕೊಂಡೆ. ಪಕ್ಕದಲ್ಲಿ ಅವಳದೇ ಹಿಂದಿನ ತಿಂಗಳ ಪ್ರಬಂಧ ಇಟ್ಟೆ. ವಿಷಯ ಅದೇ ಮೊಬೈಲ್. ‘ಮೊಬೈಲ್‌ನಿಂದ ಅನುಕೂಲಗಳೂ ಇವೆ, ಅನಾನುಕೂಲಗಳೂ ಇವೆ. ನಾವು ಅದನ್ನು ಮಿತವಾಗಿ ಬಳಸಬೇಕು.’ ತಮ್ಮ ಇಲ್ಲ, ಅಪ್ಪ ಇಲ್ಲ, ಜಗಲಿ ಇಲ್ಲ. ಎರಡು ನಿಮಿಷದ ಮಾತಲ್ಲಿ ‘ಹಾಗಂತ’ ನಾಲ್ಕು ಸಲ ಬಂದಿತ್ತು. ಎರಡು ಪುಟದ ಪ್ರಬಂಧದಲ್ಲಿ ‘ಹಾಗೆಂದ ಮಾತ್ರಕ್ಕೆ’ ಅಂತ ಒಂದು ಸಲವೂ ಇರಲಿಲ್ಲ.

ಆ ರಾತ್ರಿ ನಾನು ಈ ಒಂದು ಮಾತಿನ ಬಗ್ಗೆಯೇ ಯೋಚಿಸಿದೆ. ‘ಹಾಗಂತ’ ಎನ್ನುವಾಗ ನಾವು ಎದುರಿನವರ ಮಾತನ್ನು ಒಪ್ಪುತ್ತೇವೆ, ಆದರೆ ಅವರು ಎಳೆದ ಕಡೆಗೆ ಹೋಗುವುದಿಲ್ಲ. ಅದು ಬಾಯಿಗೆ ಬರಬೇಕಾದರೆ ಎದುರಿಗೆ ಒಬ್ಬರು ಬೇಕು. ಪ್ರಬಂಧ ಬರೆಯುವಾಗ ಮಕ್ಕಳ ಎದುರಿಗೆ ಯಾರಿರುತ್ತಾರೆ? ಅಂಕ ಕೊಡುವ ನಾನೊಬ್ಬಳು. ನನ್ನನ್ನು ಒಪ್ಪಿಸಬೇಕು ಅಂತ ಅವರಿಗೆ ಯಾಕಾದರೂ ಅನ್ನಿಸಬೇಕು?

ಮೊದಲು ಮಾಡಿದ ಪ್ರಯೋಗ ಕೆಟ್ಟಿತು. ‘ಮಾತಾಡಿದ್ದನ್ನೇ ಬರೆಯಿರಿ’ ಎಂದೆ. ‘ಮಾನ್ಯ ನಿರ್ಣಾಯಕರೇ’ ಎಂದು ಶುರುಮಾಡಿ ಬರೆದುಕೊಟ್ಟರು. ದನಿ ಏರಿಸಿ ಮೂರು ಸಲ ಹೇಳಿದ್ದನ್ನು ಮೂರು ಸಲ ಬರೆದಿದ್ದರು. ಕೇಳುವಾಗ ಅದು ನಾಟಿತ್ತು, ಓದುವಾಗ ಸಾಕೆನಿಸಿತು. ಇನ್ನು ಕೆಲವರದ್ದು ಮನೆಯವರು ಬರೆದುಕೊಟ್ಟ ಬಾಯಿಪಾಠದ ಭಾಷಣ, ಅದರಿಂದ ಕಲಿಯುವುದಕ್ಕೆ ಏನೂ ಇರಲಿಲ್ಲ. ಹಾಗಾಗಿ ಈಗ ವಿಷಯವನ್ನು ಅಲ್ಲೇ ಚೀಟಿ ಎತ್ತಿ ಕೊಡುತ್ತೇನೆ. ಯೋಚಿಸಲು ಹತ್ತು ನಿಮಿಷ, ಮಾತಿಗೆ ಎರಡು ನಿಮಿಷ.

ಎರಡನೇ ಸಲ ಕರಿಹಲಗೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಪರ, ಬಲಕ್ಕೆ ವಿರೋಧ. ಹಿಂದಿನ ಚರ್ಚೆಯ ರೆಕಾರ್ಡನ್ನೇ ಹಾಕಿ, ಬಂದ ಒಂದೊಂದು ವಾದವನ್ನೂ ಬರೆದೆವು. ಯಾವುದಕ್ಕೆ ಉತ್ತರ ಸಿಕ್ಕಿತೋ ಅದಕ್ಕೆ ಬಾಣ ಎಳೆಯುವುದು. ಕೊನೆಗೆ ಬಲಗಡೆ ಒಂದು ವಾದ ಬಾಣವಿಲ್ಲದೆ ಉಳಿಯಿತು. ‘ಬೇಕಾದ್ದು ಮಾಸ್ತರು, ಫೋನು ಯಾಕೆ?’ ಆ ದಿನ ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

“ಇದನ್ನು ಕೇಳಿದವನು ನಿಮ್ಮ ಎದುರಿಗೇ ಕೂತಿದ್ದಾನೆ ಅಂದುಕೊಂಡು ಅರ್ಧ ಪುಟ ಬರೆಯಿರಿ. ಮೊದಲ ಸಾಲಲ್ಲಿ ಅವನ ಮಾತು ಬರಬೇಕು, ಅವನು ಓದಿದರೆ ‘ಹೌದು, ನಾನು ಹೇಳಿದ್ದು ಇದನ್ನೇ’ ಅನ್ನುವ ಹಾಗೆ. ಆಮೇಲೆ ನಿಮ್ಮ ಉತ್ತರ” ಎಂದೆ. ಅವನಿಗೆ ಮಾತ್ರ ತನ್ನ ವಾದಕ್ಕೆ ತಾನೇ ಉತ್ತರ ಬರೆಯುವ ಕೆಲಸ. ತುಂಬ ಹೊತ್ತು ಪೆನ್ನು ಕಚ್ಚುತ್ತಾ ಕೂತಿದ್ದ.

ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಚರ್ಚೆಯಲ್ಲಿ ಒಮ್ಮೆಯೂ ಬಾಯಿ ಬಿಟ್ಟವನಲ್ಲ. ನಾನು ಒತ್ತಾಯವನ್ನೂ ಮಾಡಿರಲಿಲ್ಲ. ಗಂಟೆ ಹೊಡೆದ ಮೇಲೆ ಬಂದು ಹಾಳೆ ಕೊಟ್ಟ. ಅದರಲ್ಲಿ ಹೀಗಿತ್ತು:

‘ಮಾಸ್ತರು ಇದ್ದರೆ ಫೋನು ಬೇಡ ಎಂದು ಗೆಳೆಯ ಹೇಳಿದ. ಮಾಸ್ತರು ಹೇಳಿದಷ್ಟು ಚೆನ್ನಾಗಿ ಫೋನು ಹೇಳುವುದಿಲ್ಲ, ಅದು ಸರಿ. ಆದರೆ ಅವರು ನಮ್ಮೂರಿಗೆ ಬರುತ್ತಿದ್ದದ್ದು ವಾರಕ್ಕೆ ಎರಡು ದಿನ. ಹಾಗೆಂದ ಮಾತ್ರಕ್ಕೆ ಉಳಿದ ಐದು ದಿನ ನಮಗೆ ಲೆಕ್ಕ ತಪ್ಪಲಿಲ್ಲ ಎಂದಲ್ಲ. ತಪ್ಪಿದಾಗ ಕೇಳಲು ಯಾರೂ ಇರಲಿಲ್ಲ.’

ಮರುದಿನ ಅದನ್ನು ಹೆಸರು ಹೇಳದೆ ತರಗತಿಗೆ ಓದಿದೆ. ಅರ್ಥಧಾರಿಗಳ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, “ಮೇಡಂ, ಇದಕ್ಕೆ ನಾನು ಉತ್ತರ ಬರೀಬಹುದಾ?”